ಅಗಲ ಭುಜ, ಕಿರಿದು ಹಿಡಿಕೆ: ಬೆಳಗಾವಿಯ ಒಂದು ರೋವಿಂಗ್ ಯಂತ್ರದ ಪ್ರಕರಣ

ಹಿನ್ನೆಲೆ

ಬೆಳಗಾವಿಯ ಒಂದು ಜಿಮ್‌ನ ಈ ಸದಸ್ಯರನ್ನು ಇಲ್ಲಿ ಪೈಲ್ವಾನರು ಎಂದು ಕರೆಯೋಣ. ಗುರುತು ಸಿಗಬಾರದೆಂದು ಊರು, ಉದ್ಯೋಗದಂಥ ವಿವರಗಳನ್ನು ಬದಲಿಸಿದೆ. ದೇಹದ ಅಳತೆ, ಯಂತ್ರದ ಅಳತೆಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದೆ. ಇಡೀ ಪ್ರಕರಣ ನಿಂತಿರುವುದೇ ಅವುಗಳ ಮೇಲೆ.

ವಯಸ್ಸು ನಲವತ್ತೈದರ ಆಸುಪಾಸು, ಎತ್ತರ 186 ಸೆಂ.ಮೀ., ತೂಕ 138 ಕೆ.ಜಿ. ಮುಧೋಳ, ಜಮಖಂಡಿ ಕಡೆಯ ಗರಡಿಮನೆಯಲ್ಲಿ ದಂಡ, ಬೈಠಕ್ ಹೊಡೆದು ಬೆಳೆದ ಮೈ. ಕುಸ್ತಿ ಬಿಟ್ಟ ಮೇಲೆ ಹೊಟ್ಟೆಯ ಸುತ್ತಳತೆ ಏರಿತು, ಮೊಣಕಾಲು ಸವೆಯಿತು. ಓಟ ಬೇಡ, ಬೈಠಕ್ ಬೇಡ, ಮೊಣಕಾಲಿನ ಮೇಲೆ ಮೈಭಾರ ಬೀಳದಂಥ ವ್ಯಾಯಾಮ ಮಾಡಿ ಎಂದು ಮೂಳೆ ವೈದ್ಯರು ಹೇಳಿದ್ದರಿಂದ ರೋವಿಂಗ್ ಯಂತ್ರಕ್ಕೆ ಬಂದರು. ಆಯ್ಕೆ ಸರಿಯಾಗಿಯೇ ಇತ್ತು. ಜಾರುವ ಸೀಟಿನ ಮೇಲೆ ಕುಳಿತು, ದೋಣಿಗೆ ಹುಟ್ಟು ಹಾಕುವಂತೆ ಹಿಡಿಕೆ ಎಳೆಯುವ ಕೆಲಸ. ಕಾಲು, ಸೊಂಟ, ಬೆನ್ನು, ತೋಳು ಎಲ್ಲವೂ ದುಡಿಯುತ್ತವೆ. ಮೈಭಾರವನ್ನು ಸೀಟು ಹೊರುತ್ತದೆ.

ಜಿಮ್‌ನಲ್ಲಿದ್ದದ್ದು ಗಾಳಿಯ ತಡೆಯಿಂದ ನಡೆಯುವ, ಚೈನ್ ಇರುವ ಯಂತ್ರ; ಹಿಡಿಕೆ ಎಳೆದಾಗ ಚೈನು ಮುಂದಿನ ಫ್ಯಾನಿನ ಚಕ್ರವನ್ನು ತಿರುಗಿಸುತ್ತದೆ. 150 ಕೆ.ಜಿ. ತೂಕದವರೆಗೆ ಬಳಸಬಹುದೆಂದು ಅದರ ಮೇಲೆಯೇ ಬರೆದಿತ್ತು. ತೂಕದ ಮಿತಿ ಸಾಕಷ್ಟಿದೆ ಎಂದ ಕೂಡಲೇ ಯಂತ್ರ ದೊಡ್ಡ ಮೈಯವರಿಗೆ ಹೊಂದುತ್ತದೆ ಎಂದು ಎಲ್ಲರೂ ಭಾವಿಸಿದರು. ಈ ಎರಡಕ್ಕೂ ಸಂಬಂಧವಿಲ್ಲ. ತೂಕದ ಮಿತಿ ಹೇಳುವುದು ಚೌಕಟ್ಟು, ಸೀಟಿನ ಗಾಲಿಗಳ ತಾಳಿಕೆಯನ್ನು, ಹಿಡಿಕೆಯ ಅಗಲವನ್ನಲ್ಲ. ಆ ಹಿಡಿಕೆ ನೆಟ್ಟಗಿನದು, ತುದಿಯಿಂದ ತುದಿಗೆ 48 ಸೆಂ.ಮೀ., ಮೇಲೆ ಸ್ಪಂಜಿನ ಹೊದಿಕೆ, ಹೊದಿಕೆ ಸೇರಿ ದಪ್ಪ 40 ಮಿ.ಮೀ.

ನೋವು ಬಂದ ಬಗೆ

ಮೂರನೇ ವಾರಕ್ಕೆ ಎರಡೂ ಮಣಿಕಟ್ಟುಗಳ ಕಿರುಬೆರಳಿನ ಬದಿ ನೋಯತೊಡಗಿತು. ಆಮೇಲೆ ಬಲ ಮೊಣಕೈಯ ಹೊರಗಿನ ಎಲುಬಿನ ಮೇಲೆ ಮುಟ್ಟಿದರೆ ನೋವು, ಕುತ್ತಿಗೆಯಿಂದ ಭುಜದವರೆಗೆ ಬಿಗಿತ. ಹದಿನೈದು ನಿಮಿಷ ಎಳೆದ ಮೇಲೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದವು. ಈ ಜೋಮನ್ನು ಕಡೆಗಣಿಸುವಂತಿಲ್ಲ, ಆ ಎರಡು ಬೆರಳಿಗೆ ಹೋಗುವ ನರ ಮೊಣಕೈ, ಮಣಿಕಟ್ಟು ಎರಡೂ ಕಡೆ ಒತ್ತಿಗೆ ಸಿಗುತ್ತದೆ. ಹಾಗಾಗಿ ಮೊದಲು ವೈದ್ಯರ ಬಳಿ ಕಳಿಸಲಾಯಿತು. ನರಕ್ಕೆ ಉಳಿದುಹೋಗುವ ತೊಂದರೆ ಇಲ್ಲ, ಸ್ನಾಯುರಜ್ಜುಗಳು ಉಳುಕಿವೆ, ಎರಡು ವಾರ ಎಳೆಯಬೇಡಿ ಎಂದರು.

ಆ ಮೊದಲು ಜಿಮ್‌ನಲ್ಲಿ ನಡೆದ ಪ್ರಯತ್ನಗಳನ್ನು ದಾಖಲಿಸುವುದು ಅಗತ್ಯ, ಬಹುತೇಕ ಕಡೆ ಇದೇ ನಡೆಯುತ್ತದೆ. ತರಬೇತುದಾರರು ಇದು ಕಲಿಕೆಯ ತಪ್ಪೆಂದುಕೊಂಡು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಲು ಹೇಳಿದರು. ಅಗಲ ಬೆನ್ನು, ದಪ್ಪ ತೋಳು, ಮುಂದೆ ಹೊಟ್ಟೆ ಇರುವವರ ಮೊಣಕೈ ಪಕ್ಕೆಗೆ ಒತ್ತಿಕೊಳ್ಳಲು ಜಾಗವೇ ಇರುವುದಿಲ್ಲ. ಒತ್ತಲು ಹೋದಷ್ಟೂ ಭುಜ ಮೇಲೇರಿತು, ಕುತ್ತಿಗೆಯ ಬಿಗಿತ ಹೆಚ್ಚಿತು. ಕೈಗವಸು ಕೊಟ್ಟರು, ಮೊದಲೇ ದಪ್ಪವಿದ್ದ ಹಿಡಿಕೆ ಇನ್ನಷ್ಟು ದಪ್ಪವಾಯಿತು. ಮಣಿಕಟ್ಟಿಗೆ ಪಟ್ಟಿ ಸುತ್ತಿದರು. ಮಣಿಕಟ್ಟಿನ ಓರೆ ಕಡಿಮೆಯಾಯಿತು, ಎಳೆತ ಮೊಣಕೈಗೆ ಏರಿತು.

ಗಾಳಿಯ ಡ್ಯಾಂಪರ್ ಪೂರ್ತಿ 10ರಲ್ಲಿತ್ತು. "ನಾಕರಾಗ ಇಟ್ರ ಕೈಗೆ ಏನೂ ಹತ್ತೂದಿಲ್ರಿ, ಮೇಲಕ್ಕ ಇಡ್ರಿ" ಎಂದು ಪೈಲ್ವಾನರೇ ಏರಿಸಿಕೊಂಡಿದ್ದರು. ಬಲ ಇದ್ದವರೆಲ್ಲ ಹೀಗೇ ಮಾಡುತ್ತಾರೆ. ಡ್ಯಾಂಪರ್ ತೂಕದ ತಟ್ಟೆಯಲ್ಲ, ಫ್ಯಾನಿನೊಳಗೆ ಎಷ್ಟು ಗಾಳಿ ಹೋಗಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಹೆಚ್ಚು ಗಾಳಿ ಹೋದರೆ ಎರಡು ಎಳೆತಗಳ ನಡುವೆ ಚಕ್ರ ಬೇಗ ನಿಧಾನವಾಗುತ್ತದೆ, ಪ್ರತಿ ಸಲ ಅದನ್ನು ಮತ್ತೆ ಎಬ್ಬಿಸಬೇಕಾಗುತ್ತದೆ. ಎಳೆತದ ಆರಂಭದಲ್ಲೇ ಬೆರಳು, ಮಣಿಕಟ್ಟುಗಳ ಮೇಲೆ ದೊಡ್ಡ ಭಾರ ಬೀಳುತ್ತದೆ.

ಮೇಲಿನಿಂದ ತೆಗೆದ ವಿಡಿಯೊ

ತಿರುವು ಸಿಕ್ಕಿದ್ದು ಫಿಜಿಯೋಥೆರಪಿಸ್ಟ್ ಏಣಿ ಹತ್ತಿ ಮೊಬೈಲನ್ನು ನೇರ ಕೆಳಮುಖವಾಗಿ ಹಿಡಿದು ವಿಡಿಯೊ ತೆಗೆದಾಗ. ಅಲ್ಲಿಯವರೆಗೆ ಎಲ್ಲ ವಿಡಿಯೊಗಳನ್ನೂ ಪಕ್ಕದಿಂದಲೇ ತೆಗೆದಿದ್ದರು. ಪಕ್ಕದಿಂದ ಬೆನ್ನು, ಮೊಣಕಾಲು ಚೆನ್ನಾಗಿ ಕಾಣುತ್ತವೆ. ಹಿಡಿಕೆಯ ತೊಂದರೆ ಕಾಣುವುದೇ ಇಲ್ಲ. ಮೊಣಕೈ, ಮಣಿಕಟ್ಟು, ನಡುಬೆರಳಿನ ಗೆಣ್ಣು, ಈ ಮೂರು ಕಡೆ ಬಿಳಿ ಟೇಪ್ ಅಂಟಿಸಿ, ಎಳೆತದ ಕೊನೆಯ ಚಿತ್ರವನ್ನು ನಿಲ್ಲಿಸಿ ನೋಡಲಾಯಿತು.

ಎರಡು ಮೊಣಕೈಗಳ ನಡುವೆ 66 ಸೆಂ.ಮೀ. ಎರಡು ಮುಷ್ಟಿಗಳ ಮಧ್ಯದಿಂದ ಮಧ್ಯಕ್ಕೆ 38. ಪೈಲ್ವಾನರ ಅಂಗೈ ಅಗಲ 10 ಸೆಂ.ಮೀ. ಆದ್ದರಿಂದ 48ರ ಹಿಡಿಕೆಯಲ್ಲಿ ಮುಷ್ಟಿ ಇದಕ್ಕಿಂತ ಹೊರಗೆ ಹೋಗಲು ಸಾಧ್ಯವಿಲ್ಲ. ವ್ಯತ್ಯಾಸ 28, ಒಂದು ಬದಿಗೆ 14. ಮೊಣಕೈಯಿಂದ ಮುಷ್ಟಿಯ ಮಧ್ಯಕ್ಕೆ 29 ಸೆಂ.ಮೀ. 14ನ್ನು 29ರಿಂದ ಭಾಗಿಸಿದರೆ 0.48; ಇದು ವಾಲಿದ ಕೋನದ ಸೈನ್, ಅಂದರೆ ಮುಂಗೈ ಸುಮಾರು 29 ಡಿಗ್ರಿ ಒಳಕ್ಕೆ ವಾಲಿಕೊಂಡಿದೆ. ಹಿಡಿಕೆ ಮಾತ್ರ ಎದೆಗೆ ಅಡ್ಡವಾಗಿ ನೆಟ್ಟಗೆ ನಿಂತಿದೆ. ಒಳಕ್ಕೆ ವಾಲಿದ ಮುಂಗೈಗೂ ನೆಟ್ಟಗಿನ ಹಿಡಿಕೆಗೂ ಹೊಂದಾಣಿಕೆ ಮಾಡುವ ಕೆಲಸ ಮಣಿಕಟ್ಟಿನ ಮೇಲೆ ಬಿದ್ದು, ಅದು ಕಿರುಬೆರಳಿನ ಕಡೆಗೆ ಮುರಿದಂತೆ ಬಾಗಿಕೊಳ್ಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಮುಂದಿನ ಎಲ್ಲ ತೀರ್ಮಾನಗಳಿಗೂ ಇದೇ ಬುನಾದಿ. ಒಂದು ಕೋಲನ್ನು ಸಹಜವಾಗಿ ಮುಷ್ಟಿಯಲ್ಲಿ ಹಿಡಿದಾಗ ಅದು ಮುಂಗೈಗೆ ಲಂಬವಾಗಿ ನಿಲ್ಲುವುದಿಲ್ಲ. ಹೆಬ್ಬೆರಳಿನ ಬದಿ ಸ್ವಲ್ಪ ಮುಂದೆ, ಕಿರುಬೆರಳಿನ ಬದಿ ಸ್ವಲ್ಪ ಹಿಂದೆ, ಓರೆಯಾಗಿರುತ್ತದೆ. ಪೈಲ್ವಾನರಲ್ಲಿ ಅಳೆದಾಗ ಈ ಓರೆ ಸುಮಾರು 10 ಡಿಗ್ರಿ. ಆದ್ದರಿಂದ 29ರಲ್ಲಿ 10 ಕಳೆದು, ಮಣಿಕಟ್ಟು ನಿಜವಾಗಿ ಮುರಿದುಕೊಳ್ಳುತ್ತಿದ್ದದ್ದು 19 ಡಿಗ್ರಿ. ಆ ದಿಕ್ಕಿನಲ್ಲಿ ಮಣಿಕಟ್ಟು ಪೂರ್ತಿ ಬಾಗುವುದೇ 30ರಿಂದ 35 ಡಿಗ್ರಿ. ಅರ್ಧಕ್ಕಿಂತ ಹೆಚ್ಚು ಬಾಗಿದ ಕೀಲಿನಿಂದ, ನಿಮಿಷಕ್ಕೆ 24 ಸಲ, ಭಾರ ಎಳೆಸಲಾಗುತ್ತಿತ್ತು.

ಹಿಡಿಕೆ ಬದಲಿಸುವ ಮೊದಲು ಮಾಡಿದ್ದು

ವಿಶ್ರಾಂತಿಯ ನಂತರ ಮೊದಲ ಹತ್ತು ದಿನ ಹಿಡಿಕೆಯ ಅಗಲವನ್ನು ಮುಟ್ಟಲಿಲ್ಲ. ಇದು ಒಳ್ಳೆಯ ನಿರ್ಧಾರವಾಗಿತ್ತು. ಎಲ್ಲವನ್ನೂ ಒಮ್ಮೆಗೇ ಬದಲಿಸಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತಿರಲಿಲ್ಲ.

ಡ್ಯಾಂಪರನ್ನು 4ಕ್ಕೆ ಇಳಿಸಿದರು. ಸ್ಪಂಜಿನ ಹೊದಿಕೆ ಸೀಳಿ ತೆಗೆದು, ಸೈಕಲ್ ಹ್ಯಾಂಡಲ್‌ಗೆ ಸುತ್ತುವ ಟೇಪನ್ನು ಸುತ್ತಿದರು; ದಪ್ಪ 40ರಿಂದ 33 ಮಿ.ಮೀ.ಗೆ ಇಳಿಯಿತು. ಸೈಕಲ್ ಪಟುಗಳ ಸೀಮೆಯಾದ ವಿಜಯಪುರ, ಬಾಗಲಕೋಟೆಯ ಸೈಕಲ್ ಅಂಗಡಿಗಳಲ್ಲಿ ಈ ಟೇಪ್ ಸಿಗುತ್ತದೆ. ಬೆವರಿಗೆ ಜಾರುವುದಿಲ್ಲ, ಸ್ಪಂಜಿನಂತೆ ಕೈಯೊಳಗೆ ತಿರುಗುವುದಿಲ್ಲ. ದೊಡ್ಡ ಕೈಗೆ ದಪ್ಪ ಹಿಡಿಕೆ ಬೇಕೆಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ರೋವಿಂಗ್‌ನಲ್ಲಿ ಹಿಡಿಕೆಯನ್ನು ಹಿಂಡುವ ಕೆಲಸವಿಲ್ಲ, ಬೆರಳುಗಳನ್ನು ಕೊಕ್ಕೆ ಮಾಡಿ ತೂಗಿಕೊಳ್ಳಬೇಕು, ತುಂಬಿದ ಬಕೆಟ್‌ನ ಕಡ್ಡಿಗೆ ಬೆರಳು ಕೊಟ್ಟು ಹೊರುವಂತೆ. ಹಿಡಿಕೆ ದಪ್ಪವಾದರೆ ಕೊಕ್ಕೆ ಕೂರುವುದಿಲ್ಲ, ಅಂಗೈ ಹಿಂಡತೊಡಗುತ್ತದೆ. ಹಿಂಡಿದಾಗ ದುಡಿಯುವ ಸ್ನಾಯುಗಳ ಬೇರು ಇರುವುದು ಮೊಣಕೈಯಲ್ಲಿ.

ಕುಸ್ತಿಯವರಿಗೆ ಇದನ್ನು ಬಿಡಿಸುವುದು ಕಷ್ಟ. ಹಿಡಿದದ್ದನ್ನು ಬಿಗಿಯಾಗಿ ಹಿಡಿ ಎಂದು ಚಿಕ್ಕಂದಿನಿಂದ ಕಲಿತ ಕೈ ಅದು. ಒಂದು ಉಪಾಯ ಫಲಿಸಿತು: ಪ್ರತಿ ಸಲ ಹಿಡಿಕೆ ಮುಂದಕ್ಕೆ ಹೋಗುವಾಗ ಎಲ್ಲ ಬೆರಳನ್ನೂ ಒಮ್ಮೆ ಸಡಿಲಿಸಿ, ಹೆಬ್ಬೆರಳಿನ ಬುಡದಿಂದ ಮಾತ್ರ ತಳ್ಳುವುದು.

ಪಾದದ ಪಟ್ಟಿಯನ್ನು ಎರಡು ತೂತು ಕೆಳಗಿಳಿಸಿದರು. ಪಾದ ಕೆಳಗಿದ್ದಷ್ಟೂ ಮುಂದೆ ಬಾಗುವಾಗ ತೊಡೆ ಮತ್ತು ಹೊಟ್ಟೆ ಒಂದನ್ನೊಂದು ಒತ್ತುವುದು ಕಡಿಮೆ. ಪಾದದ ತುದಿಗಳನ್ನು ತುಸು ಹೊರಕ್ಕೆ ತಿರುಗಿಸಿ, ಮೊಣಕಾಲುಗಳು ಅಗಲಿಸಲು ಬಿಟ್ಟರು. ಕಣಕಾಲು ನೆಟ್ಟಗಾಗುವವರೆಗೆ ಮುಂದೆ ಜಾರಬೇಕೆಂಬ ಪುಸ್ತಕದ ನಿಯಮವನ್ನು ಕೈಬಿಟ್ಟು, ಹೊಟ್ಟೆ ತಡೆಯುವ ಜಾಗಕ್ಕಿಂತ ಎರಡು ಬೆರಳು ಮೊದಲೇ ನಿಲ್ಲಲು ಹೇಳಿದರು. ಸವೆದ ಮೊಣಕಾಲಿಗೂ ಇದೇ ಹಿತ.

ಫಲ: ಮೊಣಕೈ ನೋವು, ಜೋಮು ಸಾಕಷ್ಟು ಇಳಿದವು. ಮಣಿಕಟ್ಟಿನ ನೋವು ಒಂದಿಷ್ಟೂ ಕದಲಲಿಲ್ಲ. ಅಲ್ಲಿಗೆ ಅಗಲದ ಪ್ರಶ್ನೆ ಒಂಟಿಯಾಗಿ ಉಳಿಯಿತು.

ಮೊದಲ ಹಿಡಿಕೆ: ಅಗಲ ಸಿಕ್ಕಿತು, ಪೈಪು ಬಾಗಿತು

ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶ ಇರುವ ಊರಿನಲ್ಲಿ ಒಂದು ಹಿಡಿಕೆ ಮಾಡಿಸುವುದು ದೊಡ್ಡ ಮಾತಲ್ಲ. ಮೊದಲನೆಯದನ್ನು ಅಲ್ಲಿಗೂ ಒಯ್ಯದೆ, ರೇಲಿಂಗ್ ಮಾಡುವವರ ಬಳಿ 25 ಮಿ.ಮೀ. ಹೊರವ್ಯಾಸದ 18 ಗೇಜಿನ ಸ್ಟೇನ್‌ಲೆಸ್ ಪೈಪ್ ತುಂಡು ಕತ್ತರಿಸಿ, ನಡುವೆ ಕೊಂಡಿ ವೆಲ್ಡ್ ಮಾಡಿಸಿದರು. ಉದ್ದ 70 ಸೆಂ.ಮೀ., ಮುಷ್ಟಿಗಳ ನಡುವೆ 58.

ಮಣಿಕಟ್ಟಿಗೆ ಮೊದಲ ದಿನವೇ ಆರಾಮ ಅನಿಸಿತು. ವಾರ ಕಳೆಯುವುದರೊಳಗೆ ಪೈಪಿನ ನಡುಭಾಗ ಕಣ್ಣಿಗೆ ಕಾಣುವಷ್ಟು ಬಾಗಿತ್ತು. ಏಕೆ ಎಂಬುದಕ್ಕೆ ಲೆಕ್ಕ ಸುಲಭ. ಬಲವಾದ ಎಳೆತಕ್ಕೆ 1000 ನ್ಯೂಟನ್, ಅಂದರೆ ಸುಮಾರು 100 ಕೆ.ಜಿ. ಎಂದು ಹಿಡಿಯೋಣ. ಒಂದೊಂದು ಕೈಗೆ 500. ನಡುವಿನಿಂದ ಕೈಗೆ 29 ಸೆಂ.ಮೀ. ಎರಡನ್ನೂ ಗುಣಿಸಿದರೆ ನಡುವನ್ನು ಬಾಗಿಸುವ ಪರಿಣಾಮ 145 ನ್ಯೂಟನ್ ಮೀಟರ್. 18 ಗೇಜ್ ಎಂದರೆ ಗೋಡೆಯ ದಪ್ಪ 1.2 ಮಿ.ಮೀ.; ಅಷ್ಟು ತೆಳು ಪೈಪಿನ ಮೇಲೆ ಬೀಳುವ ಒತ್ತಡ 280 ಮೆಗಾಪಾಸ್ಕಲ್ ದಾಟುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸುಮಾರು 205ಕ್ಕೇ ಮಣಿಯತೊಡಗುತ್ತದೆ. ಹಿಡಿಕೆ ಅಗಲವಾದಷ್ಟೂ ನಡುವಿನ ಮೇಲೆ ಬೀಳುವ ಬಾಗು ಏರುತ್ತದೆಂಬುದನ್ನು ಯಾರೂ ಲೆಕ್ಕಿಸಿರಲಿಲ್ಲ. ಎಳೆಯುತ್ತಿರುವಾಗ ಹಿಡಿಕೆ ಮುರಿದರೆ 138 ಕೆ.ಜಿ.ಯ ಮೈ ಹಿಂದಕ್ಕೆ ಉರುಳುತ್ತದೆ, ಚೂಪು ತುದಿ ಕೈಯಲ್ಲೇ ಉಳಿಯುತ್ತದೆ. ಆ ಹಿಡಿಕೆಯನ್ನು ಕೂಡಲೇ ಕಳಚಿದ್ದು ಸರಿ.

ಅದೇ ವಾರ ಇನ್ನೊಂದು ಸಂಗತಿಯೂ ಬಯಲಾಯಿತು. ಮುಂದೆ ಜಾರುವಾಗ ಹಿಡಿಕೆಯ ತುದಿಗಳು ಮೊಣಕಾಲಿಗೆ ಬಡಿಯುತ್ತಿದ್ದವು. ಪೈಲ್ವಾನರು ಕೈ ಮುಂದೆ ಹೋಗುವ ಮೊದಲೇ ಮೊಣಕಾಲು ಮಡಚುತ್ತಿದ್ದರು. ಹಳೆಯ ಕಿರಿದು ಹಿಡಿಕೆ ಅಗಲಿಸಿದ ಮೊಣಕಾಲುಗಳ ನಡುವೆ ನುಸುಳಿ ಆ ತಪ್ಪನ್ನು ಮುಚ್ಚಿಡುತ್ತಿತ್ತು. ಕೈ ಮೊದಲು ಚಾಚಬೇಕು, ಆಮೇಲೆ ಸೊಂಟದಿಂದ ಮುಂದೆ ಬಾಗಬೇಕು, ಹಿಡಿಕೆ ಮೊಣಕಾಲು ದಾಟಿದ ಮೇಲೆ ಕಾಲು ಮಡಚಬೇಕು. ಮೊಣಕಾಲು ದಾಟಿದ ಜಾಗದಲ್ಲಿ ಒಂದು ಎಣಿಕೆ ನಿಂತು ಮುಂದೆ ಹೋಗುವ ಅಭ್ಯಾಸದಿಂದ ಇದು ಸರಿಹೋಯಿತು.

ಎರಡನೆಯದು: ಹೊಟ್ಟೆಗಾಗಿ ಬಾಗಿಸಿದ್ದು

ಎರಡನೇ ಹಿಡಿಕೆಯ ಹಿಂದಿನ ಯೋಚನೆ ಬೇರೆ. ಎಳೆತದ ಕೊನೆಗೆ ನೆಟ್ಟಗಿನ ಹಿಡಿಕೆಯ ನಡುಭಾಗ ಹೊಟ್ಟೆಗೆ ತಾಗಿ ನಿಲ್ಲುತ್ತಿತ್ತು, ಮೊಣಕೈ ಇನ್ನೂ 6 ಸೆಂ.ಮೀ. ಹಿಂದೆ ಹೋಗಬಹುದಿತ್ತು. ತುದಿಗಳನ್ನು ಎಳೆಯುವವರ ಕಡೆಗೆ ಬಾಗಿಸಿದರೆ ಹೊಟ್ಟೆಗೆ ಜಾಗ ಸಿಗುತ್ತದಲ್ಲ ಎಂದು ಲೆಕ್ಕ ಹಾಕಿದರು. ಹೆಸರಾದ ಕಾನ್ಸೆಪ್ಟ್2 ಯಂತ್ರಗಳ ಹಿಡಿಕೆಯಲ್ಲಿ 10 ಡಿಗ್ರಿ ಬಾಗು ಇರುವುದೂ ಧೈರ್ಯ ಕೊಟ್ಟಿತು. ದಪ್ಪ ಗೋಡೆಯ ಪೈಪ್ ತಂದು, ಮರಳು ತುಂಬಿ, ಎರಡೂ ಬದಿ 15 ಡಿಗ್ರಿ ಬಾಗಿಸಲಾಯಿತು. ಮುಷ್ಟಿಗಳ ನಡುವೆ 50.

ಎಳೆತದ ಉದ್ದ ಹೆಚ್ಚಾಯಿತು, ಪರದೆಯ ಮೇಲೆ ಅಂಕಿ ಚೆನ್ನಾಗಿ ಬಂದವು. ಮಣಿಕಟ್ಟು ಹಳೆಯ ಹಿಡಿಕೆಗಿಂತ ಹೆಚ್ಚು ನೋಯಿತು.

ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿದಾಗ ಕಾರಣ ಸ್ಪಷ್ಟವಾಯಿತು. 66ರಲ್ಲಿ 50 ಹೋದರೆ 16, ಒಂದು ಬದಿಗೆ 8. ಮುಂಗೈ 16 ಡಿಗ್ರಿ ಒಳಕ್ಕೆ. ಕೋಲಿನ ಸಹಜ ಓರೆ 10 ಕಳೆದರೆ 6 ಮಾತ್ರ ಉಳಿಯಬೇಕಿತ್ತು. ಆದರೆ ತುದಿಗಳನ್ನು ಹಿಂದಕ್ಕೆ ಬಾಗಿಸಿದ್ದರಿಂದ ಇನ್ನೂ 15 ಸೇರಿ ಒಟ್ಟು 21. ಹಿಂದಕ್ಕೆ ಬಾಗಿದ ಹಿಡಿಕೆ ಹಿತವಾಗುವುದು ಮುಂಗೈಗಳು ಒಂದಕ್ಕೊಂದು ಸಮಾನಾಂತರವಾಗಿ ಬರುವವರಿಗೆ, ಅಂದರೆ ಮೊಣಕೈ ಪಕ್ಕೆಯ ಹತ್ತಿರ ಇಟ್ಟುಕೊಳ್ಳಬಲ್ಲವರಿಗೆ. ಅಂಥವರಿಗೆ 10 ಡಿಗ್ರಿ ಬಾಗು ಕೋಲಿನ ಸಹಜ ಓರೆಗೆ ಸರಿಯಾಗಿ ಕೂರುತ್ತದೆ. ಮೊಣಕೈ ಹೊರಗೆ ನಿಲ್ಲುವವರಿಗೆ ಅದೇ ಬಾಗು ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ದೊಡ್ಡ ಮೈಯವರ ಹಿಡಿಕೆಯ ಬಗ್ಗೆ ಒಂದೇ ಮಾತು ನೆನಪಿಡಬೇಕೆಂದರೆ ಇದನ್ನೇ ಇಟ್ಟುಕೊಳ್ಳಬೇಕು: ಅಗಲವನ್ನು ಮೊದಲು ತೀರ್ಮಾನಿಸಿ, ಬಾಗು ಬೇಕೇ ಬೇಡವೇ ಎಂಬುದನ್ನು ಅದರ ನಂತರ ಕೇಳಬೇಕು.

ಬಾಗನ್ನು ಹಿಂದಕ್ಕೆ ಇಡುವ ಬದಲು ತುದಿಗಳು ಕೆಳಮುಖವಾಗುವಂತೆ ತಿರುಗಿಸಿ ಹಿಡಿದು ನೋಡಿದರು. ಎಳೆದ ಕೂಡಲೇ ಹಿಡಿಕೆ ಕೈಯೊಳಗೇ ತಿರುಗಿ ಮತ್ತೆ ಮೊದಲಿನ ಸ್ಥಿತಿಗೆ ಬಂತು. ಚೈನಿನ ಎಳೆತ ಎರಡು ಮುಷ್ಟಿಗಳನ್ನು ಸೇರಿಸುವ ಗೆರೆಗಿಂತ ಮೇಲೆ ಬಿದ್ದರೆ ಹೀಗಾಗಲೇಬೇಕು. ಕೆಳಬಾಗಿನ ಹಿಡಿಕೆ ಬೇಕಿದ್ದರೆ ಕೊಂಡಿಯನ್ನು ಕೆಳಕ್ಕೆ ಇಳಿಬಿಟ್ಟು, ಅದರ ತೂತು ಆ ಗೆರೆಯ ಮೇಲೆ ಬರುವಂತೆ ಮಾಡಬೇಕು. ಈ ಪ್ರಕರಣದಲ್ಲಿ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ.

ಕೈಗಳೇ ಆರಿಸಿಕೊಂಡ ಅಂತರ

ಈ ಹಂತದಲ್ಲಿ ಫಿಜಿಯೋಥೆರಪಿಸ್ಟ್ ಮಾಡಿದ ಒಂದು ಪರೀಕ್ಷೆ ಬಹಳ ಉಪಯೋಗಕ್ಕೆ ಬಂತು. ಕೇಬಲ್ ಯಂತ್ರದ ಎರಡು ಬಿಡಿ ಹಿಡಿಕೆಗಳನ್ನು ಪಟ್ಟಿಗಳ ಮೂಲಕ ಚೈನಿಗೆ ಸಿಕ್ಕಿಸಿ, ಡ್ಯಾಂಪರ್ ತೀರ ಕೆಳಗಿಟ್ಟು, ಪೈಲ್ವಾನರಿಗೆ ಕಣ್ಣು ಮುಚ್ಚಿ ಮೆಲ್ಲಗೆ ಎಳೆಯಲು ಹೇಳಿದರು. ಪಟ್ಟಿಗಳು ಒಳಕ್ಕೆ ಎಳೆಯುತ್ತಿದ್ದರೂ ಎಳೆತದ ಕೊನೆಗೆ ಮುಷ್ಟಿಗಳು ಪ್ರತಿ ಸಲವೂ 50ರಿಂದ 54 ಸೆಂ.ಮೀ. ಅಂತರದಲ್ಲಿ ನಿಂತವು.

ಬಿಡಿ ಹಿಡಿಕೆಗಳನ್ನೇ ಇಟ್ಟುಕೊಳ್ಳಬಾರದೇಕೆ ಎಂದು ಕೇಳಿದವರಿದ್ದರು. ಒಂದು ಕೈ ಜಾರಿದರೆ ಬಿಟ್ಟ ಹಿಡಿಕೆ ಫ್ಯಾನಿನ ಜಾಲರಿಗೆ ಅಥವಾ ಮುಖಕ್ಕೆ ಬಡಿಯುತ್ತದೆ. ಎರಡೂ ಪಟ್ಟಿ ತಿರುಚಿಕೊಂಡಾಗ ಚೈನೂ ತಿರುಚುತ್ತದೆ, ತಿರುಚಿದ ಚೈನು ಒಳಗಿನ ಹಲ್ಲುಚಕ್ರವನ್ನು ಸವೆಸುತ್ತದೆ. ಪಟ್ಟಿಯ ಉದ್ದದಷ್ಟು ಎಳೆತ ಮುಂದೆ ಕಳೆದುಹೋಗುತ್ತದೆ. ಹತ್ತಾರು ಮಂದಿ ಬಳಸುವ ಜಿಮ್‌ಗೆ ಅದು ತಕ್ಕದ್ದಲ್ಲ. ಅಳತೆ ತೆಗೆಯಲು ಮಾತ್ರ ಒಳ್ಳೆಯದು.

52 ಎಂದು ತೀರ್ಮಾನವಾಯಿತು. ಲೆಕ್ಕವೂ ಒಪ್ಪಿತು: 66ರಲ್ಲಿ 52 ಹೋದರೆ 14, ಒಂದು ಬದಿಗೆ 7, ಮುಂಗೈ 14 ಡಿಗ್ರಿ ಒಳಕ್ಕೆ, ಸಹಜ ಓರೆ ಕಳೆದರೆ ಉಳಿಯುವುದು 4. ಹಿಡಿಕೆಯನ್ನು ಬಾಗಿಸುವ ಅಗತ್ಯವೇ ಉಳಿಯಲಿಲ್ಲ. 58ಕ್ಕೆ ಹೋದರೆ ಮಣಿಕಟ್ಟಿಗೆ ಸಿಗುವ ಹೆಚ್ಚಿನ ಲಾಭ ಏನೂ ಇಲ್ಲ. ನಡುವಿನ ಬಾಗು ಏರುತ್ತದೆ, ಮೊಣಕಾಲು ತಾಗುವ ಸಾಧ್ಯತೆ ಏರುತ್ತದೆ, ಒಂದು ಕೈ ತುಸು ಹೆಚ್ಚು ಎಳೆದರೂ ಹಿಡಿಕೆ ಓಲಾಡುತ್ತದೆ.

ಹೊಟ್ಟೆಗೆ ತಾಗುವ ವಿಷಯವನ್ನು ಹಾಗೇ ಬಿಡಲಾಯಿತು. ಹಿಡಿಕೆ ತಾಗಿದಲ್ಲಿಗೆ ಎಳೆತ ಮುಗಿಯಿತು ಎಂದು ಒಪ್ಪಿಕೊಂಡರು. ತೋಳಿನ ಕೊನೆಯ 6 ಸೆಂ.ಮೀ.ಯಲ್ಲಿ ಹುಟ್ಟುವ ಬಲ ಅಲ್ಪ. ಕೆಲಸದ ಬಹುಪಾಲು ಕಾಲು ಮತ್ತು ಸೊಂಟದಿಂದಲೇ ಆಗಿರುತ್ತದೆ. ಉದ್ದದ ಆಸೆಗೆ ಮಣಿಕಟ್ಟನ್ನು ಬಲಿ ಕೊಡುವುದು ಸಲ್ಲ.

ಕೊನೆಗೆ ನಿಂತ ಹಿಡಿಕೆ

ಈ ಸಲ ಕೆಲಸ ಟರ್ನರ್ ಕೈಗೆ ಹೋಯಿತು. ಬಾಗಿದ ಹಳೆಯ ಪೈಪನ್ನು ನೋಡಿ ಅವರು ಅಂದದ್ದು: "ರೇಲಿಂಗಿನ ಪೈಪ್ ಇದಕ್ಕ ನಡಿಯಂಗಿಲ್ರಿ. ಸ್ಟೀಲ್ ದಪ್ಪಂದು ಹಾಕಿದ್ರ ವಜ್ಜಿ ಆಗತೈತಿ. ಅಲ್ಯೂಮಿನಿಯಂ ಹಾಕೂಣು, ಆದ್ರ ವೆಲ್ಡಿಂಗ್ ಬ್ಯಾಡ." ಮೂರೂ ಮಾತು ಸರಿ. 3 ಮಿ.ಮೀ. ಗೋಡೆಯ ಸ್ಟೇನ್‌ಲೆಸ್ ಆಗಿದ್ದರೆ ಪೈಪೇ ಒಂದು ಕೆ.ಜಿ. ದಾಟುತ್ತಿತ್ತು, ಹಿಡಿಕೆಯನ್ನು ಹಿಂದೆ ಎಳೆದುಕೊಳ್ಳುವ ರಬ್ಬರ್ ಹಗ್ಗಕ್ಕೆ ಅದು ಭಾರ, ಚೈನು ಜೋತು ಬೀಳುತ್ತದೆ.

ಆರಿಸಿದ್ದು 6061 ದರ್ಜೆಯ, ಟಿ6 ಹದದ ಅಲ್ಯೂಮಿನಿಯಂ ಪೈಪ್. ಹೊರವ್ಯಾಸ 28 ಮಿ.ಮೀ., ಗೋಡೆ 4 ಮಿ.ಮೀ., ಉದ್ದ 64 ಸೆಂ.ಮೀ. ಪೈಪಿನ ತೂಕ ಸುಮಾರು 520 ಗ್ರಾಂ. ಅದೇ 1000 ನ್ಯೂಟನ್ ಎಳೆತಕ್ಕೆ ನಡುವೆ ಬೀಳುವ ಒತ್ತಡ 82 ಮೆಗಾಪಾಸ್ಕಲ್. ಈ ಲೋಹ ಮಣಿಯುವುದು 275ರ ಸುಮಾರಿಗೆ. ಮೂರು ಪಟ್ಟಿಗೂ ಹೆಚ್ಚು ಅಂತರ ಸಿಕ್ಕಿತು.

ವೆಲ್ಡಿಂಗ್ ಬೇಡ ಎಂದದ್ದಕ್ಕೆ ಕಾರಣ, ಟಿ6 ಹದ ಬರುವುದು ಕಾಯಿಸಿ ತಣಿಸುವ ಕ್ರಮದಿಂದ. ವೆಲ್ಡ್ ಮಾಡಿದ ಕಡೆ ಆ ಹದ ಹೋಗಿ ಲೋಹದ ಬಲ ಅರ್ಧದ ಹತ್ತಿರಕ್ಕೆ ಕುಸಿಯುತ್ತದೆ. ಅದೂ ಅತಿ ಹೆಚ್ಚು ಬಾಗು ಬೀಳುವ ನಡುಭಾಗದಲ್ಲೇ. ತೂತು ಕೊರೆದು ಬೋಲ್ಟ್ ಹಾಕುವುದೂ ಬೇಡ. ತೂತಿನ ಅಂಚಿನಲ್ಲಿ ಒತ್ತಡ ಎರಡೂವರೆಯಿಂದ ಮೂರು ಪಟ್ಟು ಏರುತ್ತದೆ, ಬಿರುಕು ಅಲ್ಲಿಂದಲೇ ಶುರು. ಅದಕ್ಕೇ ಎರಡು ಹೋಳಿನ ಕ್ಲ್ಯಾಂಪ್ ಮಾಡಿಸಲಾಯಿತು: 60 ಮಿ.ಮೀ. ಅಗಲದ ಅಲ್ಯೂಮಿನಿಯಂ ತುಂಡು, ಒಳಗೆ 28ಕ್ಕೆ ಸರಿಯಾಗಿ ಬೋರ್, ಹೋಳುಗಳ ನಡುವೆ 1 ಮಿ.ಮೀ. ಸಂದು, 6 ಮಿ.ಮೀ.ಯ ನಾಲ್ಕು ಅಲೆನ್ ಬೋಲ್ಟ್. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸಂದು ನಾಲ್ಕೂ ಕಡೆ ಒಂದೇ ಸಮ ಉಳಿದಿದ್ದರೆ ಕ್ಲ್ಯಾಂಪ್ ಸರಿಯಾಗಿ ಕೂತಿದೆ. ಬೋರಿನ ಅಂಚನ್ನು ದುಂಡಗೆ ಮಾಡಿಸದಿದ್ದರೆ ಅದೇ ಅಂಚು ಪೈಪಿಗೆ ಗಾಯ ಮಾಡುತ್ತದೆ, ತೂತು ತಪ್ಪಿಸಿದ ಲಾಭವೆಲ್ಲ ಹೋಗುತ್ತದೆ.

ಪೈಪಿನ ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ, ಹಿಡಿಯುವ ಜಾಗಕ್ಕೆ ಎರಡೂವರೆ ಮಿ.ಮೀ. ದಪ್ಪದ ಹೊದಿಕೆಯಾಗುವಷ್ಟು ಸೈಕಲ್ ಟೇಪ್. ಒಟ್ಟು ದಪ್ಪ 33 ಮಿ.ಮೀ. ಟೇಪನ್ನು ಹೊರತುದಿಯಿಂದ ಒಳಕ್ಕೆ ಸುತ್ತಿ, ಮುಷ್ಟಿ ಕೂರುವ ಜಾಗದ ಒಳ ಅಂಚಿನಲ್ಲಿ ಒಂದು ಸುತ್ತು ಹೆಚ್ಚು ಹಾಕಿ ಏಣು ಮಾಡಲಾಯಿತು. ಕೈ ದಣಿದಾಗ ಮುಷ್ಟಿಗಳು ತಾವಾಗಿಯೇ ನಡುವಿಗೆ ಜಾರುತ್ತವೆ. ಅಗಲದ ಹಿಡಿಕೆ ಮಾಡಿಸಿಯೂ ಕಿರಿದಾಗಿ ಹಿಡಿಯುವುದು ಹೀಗೇ. ಆ ಏಣು ಬೆರಳಿಗೆ ಗುರುತು ಹೇಳುತ್ತದೆ.

ಚೈನಿಗೆ ಸಿಕ್ಕಿಸುವಾಗಿನ ಎಚ್ಚರ

ಹಳೆಯ ಹಿಡಿಕೆ ಕಳಚುವ ಮೊದಲು ಚೈನನ್ನು ಒಂದು ಅಡಿ ಹೊರಗೆಳೆದು, ಅದರ ಕೊಂಡಿಯೊಂದರೊಳಗೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಅಡ್ಡ ನಿಲ್ಲಿಸಬೇಕು. ಇದನ್ನು ಮರೆತರೆ ರಬ್ಬರ್ ಹಗ್ಗ ಚೈನನ್ನು ಸರ್ರನೆ ಒಳಗೆ ಎಳೆದುಕೊಂಡು ಹೋಗುತ್ತದೆ, ಇಡೀ ಮುಂಭಾಗ ಬಿಚ್ಚಬೇಕಾಗುತ್ತದೆ. ಹೊಸ ಹಿಡಿಕೆ ಸಿಕ್ಕಿಸುವ ಮುನ್ನ ಚೈನು ಎಲ್ಲೂ ತಿರುಚಿಲ್ಲವೆಂದು ಬೆರಳಿನಿಂದ ಸವರಿ ನೋಡಬೇಕು. ಕೊಂಡಿಯ ಪಿನ್ ಅದುರಿ ಸಡಿಲವಾಗದಂತೆ ಸೀಳು ಪಿನ್ ಹಾಕಬೇಕು. ಅದಾದ ಮೇಲೆ ಯಾರೂ ಕೂರದೆ, ಕೈಯಿಂದ ಹಿಡಿಕೆಯನ್ನು ಫ್ಯಾನಿನವರೆಗೆ ಒಯ್ದು ಜಾಲರಿ, ಪರದೆಯ ತೋಳು, ಪಾದದ ಪಟ್ಟಿ ಯಾವುದಕ್ಕೂ ತುದಿ ತಾಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ತಯಾರಕರು ಕೊಟ್ಟದ್ದಲ್ಲದ ಹಿಡಿಕೆ ಹಾಕಿದರೆ ವಾರಂಟಿ ಹೋಗುವ ಸಂಭವವಿದೆ. ಜಿಮ್ ಮಾಲೀಕರಿಗೆ ಇದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಲಾಗಿತ್ತು.

ಏನಾಯಿತು

ಹೊಸ ಹಿಡಿಕೆಯಲ್ಲಿ ಮೊದಲ ವಾರ ಐದೈದು ನಿಮಿಷದ ಎರಡು ಸರದಿ ಮಾತ್ರ, ನಿಮಿಷಕ್ಕೆ 20 ಎಳೆತ. ಮೇಲಿನಿಂದ ಮತ್ತೆ ವಿಡಿಯೊ ತೆಗೆದಾಗ ಟೇಪಿನ ಮೂರು ಗುರುತುಗಳು ಹೆಚ್ಚುಕಡಿಮೆ ಲೆಕ್ಕ ಹೇಳಿದ ಕೋನದಲ್ಲೇ ಕಂಡವು. ಆರು ವಾರಕ್ಕೆ ಒಂದೇ ಸಮನೆ 20 ನಿಮಿಷ ಎಳೆಯುವ ಹಂತಕ್ಕೆ ಬಂದರು, ಮಣಿಕಟ್ಟಿನ ನೋವಿಲ್ಲದೆ. ಜೋಮು ಮತ್ತೆ ಬರಲಿಲ್ಲ. ಮೊಣಕೈಯ ಹೊರಗಿನ ನೋವು ತಡವಾಗಿ, ಮೂರನೇ ತಿಂಗಳಿಗೆ ಹೋಯಿತು. ಅಲ್ಲಿನ ಸ್ನಾಯುರಜ್ಜು ಗುಣವಾಗುವುದೇ ನಿಧಾನ, ಹಿಡಿಕೆ ಬದಲಾದ ಮಾತ್ರಕ್ಕೆ ಅದು ಬೇಗ ಆಗುವುದಿಲ್ಲ. ಕುತ್ತಿಗೆಯ ಬಿಗಿತ ಮೊಣಕೈ ಒತ್ತಿಕೊಳ್ಳುವುದನ್ನು ಬಿಟ್ಟ ದಿನದಿಂದಲೇ ಇಳಿಯತೊಡಗಿತ್ತು.

ಒಂದು ತೊಂದರೆ ಹೊಸದಾಗಿ ಬಂತು. ಪೈಲ್ವಾನರ ಬಲಗೈ ಹೆಚ್ಚು ಎಳೆಯುತ್ತಿದ್ದದ್ದು ಕಿರಿದು ಹಿಡಿಕೆಯಲ್ಲಿ ಗೊತ್ತಾಗುತ್ತಿರಲಿಲ್ಲ, ಈಗ ಹಿಡಿಕೆಯ ಎಡತುದಿ ಮುಂದೆ ಓಡತೊಡಗಿತು. ಕ್ಲ್ಯಾಂಪಿನ ಎರಡೂ ಬದಿ ಸಮ ದೂರದಲ್ಲಿ ಬಣ್ಣದ ಗೆರೆ ಎಳೆದು, ಎದುರು ಕನ್ನಡಿ ಇಟ್ಟು, ಗೆರೆಗಳು ಸಮವಾಗಿ ಬರುವಂತೆ ಎಳೆಯಲು ಹೇಳಲಾಯಿತು. ಪೂರ್ತಿ ಹೋಗಿಲ್ಲ, ಆದರೆ ಹಿಡಿತಕ್ಕೆ ಬಂದಿದೆ.

ಬೇರೆ ಮೈಕಟ್ಟಿಗೆ ಇದೇ ಅಳತೆ ಬೇಡ

64 ಸೆಂ.ಮೀ.ಯ ಹಿಡಿಕೆ ನೋಡಿ ಜಿಮ್‌ನ ಇನ್ನಿಬ್ಬರು ದೊಡ್ಡ ಮೈಯವರು ತಮಗೂ ಅದೇ ಬೇಕೆಂದರು. ಒಬ್ಬರಿಗೆ ಹೊಂದಿತು. ಇನ್ನೊಬ್ಬರದು ತೂಕ ಹೆಚ್ಚಿದ್ದರೂ ಭುಜ ಅಗಲವಲ್ಲ. ಹೊಟ್ಟೆ ಮಾತ್ರ ಮುಂದೆ. ಮೇಲಿನಿಂದ ನೋಡಿದಾಗ ಅವರ ಮೊಣಕೈಗಳ ನಡುವೆ 50 ಸೆಂ.ಮೀ. ಅಷ್ಟೇ. 38ರ ಅಂತರದಲ್ಲಿ ಹಿಡಿದಾಗ ಒಂದು ಬದಿಗೆ 6. ಅವರ ಮುಂಗೈ 27 ಸೆಂ.ಮೀ. ಇದ್ದುದರಿಂದ 13 ಡಿಗ್ರಿ, ಓರೆ ಕಳೆದರೆ 3. ಅವರಿಗೆ ಹಳೆಯ ಹಿಡಿಕೆಯ ಅಗಲವೇ ಸರಿ. ಬೇಕಿದ್ದದ್ದು ಪಾದದ ಪಟ್ಟಿ ಕೆಳಗಿಳಿಸುವುದು, ಸ್ಪಂಜು ತೆಗೆಯುವುದು. ಅವರನ್ನು 52ರಲ್ಲಿ ಹಿಡಿಸಿದ್ದರೆ ಮಣಿಕಟ್ಟು ಹೆಬ್ಬೆರಳಿನ ಕಡೆಗೆ ಮುರಿದುಕೊಂಡು ಬೇರೊಂದು ನೋವು ಶುರುವಾಗುತ್ತಿತ್ತು.

ಆದ್ದರಿಂದ ತಕ್ಕಡಿಯ ಅಂಕಿ ನೋಡಿ ಹಿಡಿಕೆ ಆರಿಸುವಂತಿಲ್ಲ. ಎಳೆತದ ಕೊನೆಗೆ ಮೊಣಕೈಗಳ ಅಂತರ, ಮೊಣಕೈಯಿಂದ ಮುಷ್ಟಿಯ ಮಧ್ಯದ ಉದ್ದ, ಅಂಗೈ ಅಗಲ, ಕೋಲು ಹಿಡಿದಾಗಿನ ಸಹಜ ಓರೆ, ಈ ನಾಲ್ಕನ್ನು ಅಳೆಯಬೇಕು. ಉಳಿಯುವ ಕೋನ 5 ಡಿಗ್ರಿಗಿಂತ ಕಡಿಮೆಯಾಗುವ ಅತಿ ಕಿರಿದು ಅಂತರ ಯಾವುದೋ ಅದನ್ನೇ ತೆಗೆದುಕೊಳ್ಳಬೇಕು. ಅದಕ್ಕೆ ಅಂಗೈ ಅಗಲ ಮತ್ತು ತುದಿಯ ಮುಚ್ಚಳಕ್ಕೆಂದು 2 ಸೆಂ.ಮೀ. ಸೇರಿಸಿದರೆ ಹಿಡಿಕೆಯ ಪೂರ್ತಿ ಉದ್ದ ಸಿಗುತ್ತದೆ.

ಜಿಮ್‌ನಲ್ಲಿ ಈಗ ಎರಡೂ ಹಿಡಿಕೆಗಳಿವೆ. ಬದಲಿಸುವ ಕೆಲಸ ತರಬೇತುದಾರರದು ಮಾತ್ರ, ಸದಸ್ಯರು ಮುಟ್ಟುವಂತಿಲ್ಲ. ಸೋಮವಾರ ಬೆಳಿಗ್ಗೆ ಕ್ಲ್ಯಾಂಪಿನ ನಾಲ್ಕು ಬೋಲ್ಟ್ ಮತ್ತು ಸೀಳು ಪಿನ್ ನೋಡುತ್ತಾರೆ. ತಿಂಗಳಿಗೊಮ್ಮೆ ಕ್ಲ್ಯಾಂಪ್ ಬಿಚ್ಚಿ, ಅದರ ಅಂಚು ಕೂರುವ ಜಾಗದಲ್ಲಿ ಪೈಪಿನ ಸುತ್ತ ಉಗುರಿನಿಂದ ಸವರುತ್ತಾರೆ. ಕೂದಲೆಳೆಯಷ್ಟು ಗೀರು ಉಗುರಿಗೆ ಸಿಕ್ಕರೂ ಪೈಪನ್ನು ಬದಲಿಸಬೇಕು. ಅಲ್ಯೂಮಿನಿಯಂ ಬಾಗಿ ಎಚ್ಚರಿಕೆ ಕೊಡದೆ ಬಿರುಕಿನಿಂದಲೇ ಮುರಿಯಬಲ್ಲದು. ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ ಎಳೆದರೆ ಒಬ್ಬರಿಂದಲೇ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಎಳೆತ ಆಗುವುದರಿಂದ, ಗೀರು ಕಾಣಲಿ ಬಿಡಲಿ, ವರ್ಷಕ್ಕೊಮ್ಮೆ ಹೊಸ ಪೈಪ್ ಹಾಕುವುದೆಂದು ನಿಗದಿಯಾಗಿದೆ. ಕ್ಲ್ಯಾಂಪ್ ಹಳೆಯದೇ ನಡೆಯುತ್ತದೆ.